ಮೆಡಲ್ ಬಂತು, ಚೀಲ ಎತ್ತೋರು ಯಾರು?

ಪ್ರತಿ ವರ್ಷ ನಮ್ಮ ಕಾಲೇಜಿನಿಂದ ನಾಲ್ಕೈದು ಜನ ಮ್ಯಾರಥಾನ್ ಓಡಿ ಬರ್ತಾರೆ. ಆರು ತಿಂಗಳು ಬೆಳಿಗ್ಗೆ ಐದಕ್ಕೆ ಎದ್ದು ಪ್ರಾಕ್ಟೀಸ್ ಮಾಡಿ, 42.195 ಕಿ.ಮೀ. ಮುಗಿಸಿ, ಮೆಡಲ್ ಕಚ್ಚಿಕೊಂಡು ಫೋಟೋ ಹಾಕ್ತಾರೆ. ನಾವೆಲ್ಲ ಬೆಂಕಿ ಎಮೋಜಿ ಒತ್ತುತ್ತೇವೆ. ಆಮೇಲೆ ಇವರು ಎರಡು ಗುಂಪಾಗುತ್ತಾರೆ. ಒಂದು ಗುಂಪು ಶೂ ಮೂಲೆಗೆ ಎಸೆದು ಇಂಟರ್ನಲ್ಸ್ ನೆಪ ಹೇಳುತ್ತದೆ. ಇನ್ನೊಂದು ಗುಂಪು ಮರುವಾರವೇ ಮುಂದಿನ ಓಟಕ್ಕೆ ರಿಜಿಸ್ಟರ್ ಆಗಿ, ಮೊಣಕಾಲಿಗೆ ಸ್ಪ್ರೇ ಹೊಡೆದುಕೊಂಡು ಮತ್ತೆ ಅದೇ ರಸ್ತೆಯಲ್ಲಿ ಓಡುತ್ತದೆ. ಇಬ್ಬರೂ ತಿಳಿದಿರುವುದು ಒಂದೇ: ಫಿಟ್‌ನೆಸ್ ಅಂದರೆ ಓಟ, ಓಟ ಅಂದರೆ ಫಿಟ್‌ನೆಸ್. ನಾನು ಇದನ್ನು ಒಪ್ಪಲ್ಲ.

ನಮ್ಮೂರು ಕಿನ್ನಾಳ. ಹೌದು, ಗೊಂಬೆಗೆ ಹೆಸರಾದ ಕಿನ್ನಾಳವೇ. ಫುಲ್ ಮ್ಯಾರಥಾನ್ ಓಡಿದ ನನ್ನ ರೂಮ್‌ಮೇಟ್ ಒಮ್ಮೆ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದಳು. ಅಂಗಡಿಯಿಂದ 25 ಕೆ.ಜಿ. ಅಕ್ಕಿ ಚೀಲ ಬಂದಿತ್ತು. ಒಳಗೆ ಇಡ್ತೀನಿ ಅಂತ ಕೈ ಹಾಕಿದಳು, ಸೊಂಟದ ಮಟ್ಟಕ್ಕೂ ಏಳಲಿಲ್ಲ. ನಮ್ಮ ದೊಡ್ಡವ್ವ ನಕ್ಕು, "ಯವ್ವಾ, ಅಷ್ಟು ದೂರ ಓಡಿ ಬಂದಾಕಿ, ಇದು ಹತ್ತ ಹೆಜ್ಜಿ ಐತಿ ನೋಡು" ಅಂತ ಚೀಲ ಎತ್ತಿ ಒಳಗೆ ಒಯ್ದಳು. ಹಾಗೆ ನೋಡಿದರೆ ಬಸ್ ಹಿಡಿಯೋಕೆ ನಾಲ್ಕು ಹೆಜ್ಜೆ ಓಡಿದರೂ ದೊಡ್ಡವ್ವನಿಗೆ ಏದುಸಿರು ಬರುತ್ತೆ. ಇಬ್ಬರ ಹತ್ತಿರವೂ ಅರ್ಧರ್ಧ ಇದೆ.

ನಮ್ಮ ಭಾಷೆಯಲ್ಲೇ ಲೆಕ್ಕ ಹಾಕೋಣ. ಹೆಜ್ಜೆಗೆ ಒಂದು ಮೀಟರ್ ಅಂತ ಹಿಡಿದರೂ ಒಂದು ಮ್ಯಾರಥಾನ್‌ಗೆ 42 ಸಾವಿರ ಹೆಜ್ಜೆ, ಅಂದರೆ ಒಂದು ಕಾಲಿಗೆ 21 ಸಾವಿರ. ಓಡುವಾಗ ಪ್ರತಿ ಹೆಜ್ಜೆಗೆ ನೆಲ ನಮ್ಮ ತೂಕದ ಎರಡರಿಂದ ಮೂರು ಪಟ್ಟು ತಿರುಗಿ ತಳ್ಳುತ್ತದೆ. 60 ಕೆ.ಜಿ. ಇದ್ದರೆ 120ರಿಂದ 180 ಕೆ.ಜಿ. ಲೋಡ್, ಒಂದೇ ದಿಕ್ಕು, ಒಂದೇ ಜಾಗ. ಇದಕ್ಕೆ ಮೆಕ್ಯಾನಿಕಲ್‌ನವರು ಫೆಟೀಗ್ ಲೋಡಿಂಗ್ ಅಂತಾರೆ, ಎಸ್-ಎನ್ ಕರ್ವ್ ಬಿಡಿಸಿ ಮಾರ್ಕ್ಸ್ ತಗೋತಾರೆ. ಸ್ಟೀಲಿಗೂ ಮೂಳೆಗೂ ಒಂದು ವ್ಯತ್ಯಾಸ ಇದೆ: ಮೂಳೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ, ಬಿದ್ದ ಲೋಡಿಗೆ ತಕ್ಕಂತೆ ಕಟ್ಟಿಕೊಳ್ಳುತ್ತದೆ. ಜರ್ಮನಿಯ ಡಾಕ್ಟರ್ ಜೂಲಿಯಸ್ ವುಲ್ಫ್ 1892ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಆದರೆ ರಿಪೇರಿಗೆ ಟೈಮ್ ಬೇಕು. ಸ್ಪ್ರೇ ಹೊಡೆದರೆ ನೋವು ಕಡಿಮೆ ಆಗಬಹುದು, ರಿಪೇರಿ ಆಗಲ್ಲ.

ಪೂರ್ತಿ ನಿಲ್ಲಿಸಿದವರದ್ದು ಬೇರೆ ಕಥೆ. ಎರಡು-ಮೂರು ವಾರ ಸುಮ್ಮನೆ ಕೂತರೆ ದಮ್ಮು ಇಳಿಯಲು ಶುರು. ಮೊದಲು ರಕ್ತದ ಪ್ರಮಾಣವೇ ಕಡಿಮೆಯಾಗುತ್ತದೆ, ಹೃದಯ ಒಂದು ಬಡಿತಕ್ಕೆ ಮೊದಲಿನಷ್ಟು ರಕ್ತ ತಳ್ಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ, ಜೊತೆಗೆ ಕನಿಷ್ಠ 2 ದಿನ ಸ್ನಾಯು ಗಟ್ಟಿಮಾಡುವ ಕೆಲಸ. ಆ "ಜೊತೆಗೆ" ಅನ್ನೋದನ್ನ ಯಾರೂ ಓದೋದೇ ಇಲ್ಲ.

ಜಿಮ್ ಫೀಸ್‌ಗೆ ದುಡ್ಡಿಲ್ಲ ಅಂತೀರಾ? ನಮ್ಮ ಕಡೆ ಗರಡಿ ಮನೆ ಅಂತ ಒಂದು ವ್ಯವಸ್ಥೆ ಇದೆ. ಅಲ್ಲಿ ಒಂದೇ ಥರದ ಕೆಲಸ ಇಲ್ಲ. ಮೊದಲು ಕೆಂಪು ಮಣ್ಣು ಅಗೆದು ಹದ ಮಾಡಬೇಕು, ಅದೇ ಅರ್ಧ ವ್ಯಾಯಾಮ. ಆಮೇಲೆ ದಂಡ, ಬಸ್ಕಿ, ಗದೆ ತಿರುಗಿಸೋದು, ಹಗ್ಗ ಹತ್ತೋದು, ಮಲ್ಲಕಂಬ. ಎದೆ, ತೊಡೆ, ಭುಜ, ಹಿಡಿತ, ಬ್ಯಾಲೆನ್ಸ್ ಎಲ್ಲ ಸರದಿ ಪ್ರಕಾರ ಬರುತ್ತೆ. ಈಗ ರೀಲ್ಸ್‌ನಲ್ಲಿ ಫಂಕ್ಷನಲ್ ಟ್ರೇನಿಂಗ್ ಅಂತ ಮಾರುತ್ತಿರುವುದು ಇದನ್ನೇ. (ಬಸ್ಕಿ ಅಂದರೆ ಹೋಮ್‌ವರ್ಕ್ ಮಾಡದವರಿಗೆ ಕೊಡೋ ಶಿಕ್ಷೆ ಅಂತಲೇ ನಾವು ಇಂಗ್ಲಿಷ್ ಮೀಡಿಯಂನವರು ಬೆಳೆದಿದ್ದು. ಅದನ್ನೇ ಸ್ಕ್ವಾಟ್ಸ್ ಅಂದ ಕೂಡಲೇ ದುಡ್ಡು ಕೊಟ್ಟು ಮಾಡ್ತೀವಿ.) ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮಲ್ಲರ ತಯಾರಿಗೇ ಒಂದು ಭಾಗ ಇದೆ. ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತೋದನ್ನ ನೀವೂ ನೋಡಿರ್ತೀರಿ.

ಗರಡಿಯೇ ಆಗಬೇಕು ಅಂತಿಲ್ಲ. ಓಟ ಮುಗಿದ ಮೊದಲ ವಾರ ನಡೆಯಿರಿ, ಸಾಕು. ಆಮೇಲೆ ಸೈಕಲ್, ಈಜು, ಮತ್ತೆ ವಾಲಿಬಾಲ್. ತಿಂಗಳಾದ ಮೇಲೆ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ. ಓಡಿದ ಮರುದಿನವೇ ಮಾತ್ರ ಬೇಡ, ಹತ್ತೋದಕ್ಕಿಂತ ಇಳಿಯುವಾಗ ತೊಡೆ ಹೆಚ್ಚು ಹರಿಯುತ್ತೆ. 1984ರಲ್ಲಿ ಅಮೆರಿಕದ ಜೋನ್ ಬೆನಾಯ್ಟ್ ಮೊಣಕಾಲಿನ ಆಪರೇಷನ್ ಆದಾಗ ಓಡಲಾಗದೆ ಕೈಯಿಂದ ಪೆಡಲ್ ತುಳಿದು ದಮ್ಮು ಉಳಿಸಿಕೊಂಡಿದ್ದರು. ಅದೇ ವರ್ಷ ಮಹಿಳೆಯರ ಮೊಟ್ಟಮೊದಲ ಒಲಿಂಪಿಕ್ ಮ್ಯಾರಥಾನ್ ಗೆದ್ದವರು ಅವರೇ.

ಟೈಮಿಂಗ್ ಸುಧಾರಿಸಬೇಕು ಅಂದರೆ ಓಡಲೇಬೇಕು ಅಂತ ಒಬ್ಬ ಸೀನಿಯರ್ ನನ್ನ ಜೊತೆ ವಾದಕ್ಕಿಳಿದಿದ್ದರು. ಒಪ್ಪಿದೆ. ಆದರೆ ನಮ್ಮಲ್ಲಿ ಟೈಮಿಂಗ್‌ಗಾಗಿ ಓಡುವವರು ಎಷ್ಟು ಜನ? ಉಳಿದವರಿಗೆ ಬೇಕಿರುವುದು ದಿನಕ್ಕೆ ಎಂಟು ಗಂಟೆ ಬೆಂಚಿನ ಮೇಲೆ ಕೂತರೂ ನೋಯದ ಬೆನ್ನು.

ಹುಡುಗಿಯರ ವಿಷಯ ಹೇಳಲೇಬೇಕು. ಊರಲ್ಲಿ ಕತ್ತಲಾದ ಮೇಲೆ ರಸ್ತೆ ಮೇಲೆ ಓಡೋಕೆ ನಮ್ಮನ್ನು ಬಿಡೋದಿಲ್ಲ, ಗರಡಿ ಮನೆಯ ಹೊಸಿಲು ದಾಟಿದ ಹುಡುಗಿಯನ್ನು ನಾನು ನೋಡಿಲ್ಲ. ಅವ್ವಂದಿರು ಕೊಡ ಹೊತ್ತು, ಕಳೆ ಕಿತ್ತು ಗಟ್ಟಿಯಾದರು. ನಮಗೆ ನಲ್ಲಿ ಬಂದಿದೆ, ಒಳ್ಳೆಯದೇ ಆಯಿತು, ಆದರೆ ಆ ಶಕ್ತಿಗೆ ಬದಲಿ ಏನೂ ಬಂದಿಲ್ಲ. ಹಾಗಾಗಿ ಸ್ಪೋರ್ಟ್ಸ್ ಕಮಿಟಿಯವರಿಗೆ ಒಂದು ಮಾತು: ಈ ಸಲದ ಸ್ಪೋರ್ಟ್ಸ್ ಡೇಗೆ ಓಟದ ಪಕ್ಕದಲ್ಲಿ ಚೀಲ ಎತ್ತೋ ಸ್ಪರ್ಧೆಯೂ ಇಡಿ, ಹುಡುಗಿಯರಿಗೂ ಇಡಿ. ಲೇಡೀಸ್ ಹಾಸ್ಟೆಲ್ ಹಿಂದಿನ ಬೇವಿನ ಮರಕ್ಕೆ ಒಂದು ದಪ್ಪ ಹಗ್ಗ ಕಟ್ಟಿಸಿಕೊಡಿ. ಹಗ್ಗದ ದುಡ್ಡು ನಾವೇ ಕೂಡಿಸ್ತೀವಿ, ವಾರ್ಡನ್ ಪರ್ಮಿಷನ್ ನೀವು ತನ್ನಿ.