ಸೇವೆಯ ಗಂಟೆ ಎಣಿಸಿದರೆ ಸಾಲದು

ಕಾಲೇಜು ವಿದ್ಯಾರ್ಥಿಗಳ ಸಮುದಾಯ ಸೇವೆ ಈಗ ಇಷ್ಟವಿದ್ದವರು ಮಾಡುವ ಹೆಚ್ಚುವರಿ ಕೆಲಸವಾಗಿ ಉಳಿದಿಲ್ಲ, ಪಠ್ಯದೊಳಕ್ಕೇ ಬಂದಿದೆ. ಯುಜಿಸಿ ರೂಪಿಸಿದ ಚೌಕಟ್ಟು ಇದಕ್ಕೆ ಎರಡು ಕ್ರೆಡಿಟ್‌ಗಳ ಕೋರ್ಸು ಸೂಚಿಸುತ್ತದೆ: ಒಂದು ತರಗತಿಯ ಪಾಠಕ್ಕೆ, ಇನ್ನೊಂದು ಊರಿನ ಕೆಲಸಕ್ಕೆ. ಎಂಜಿನಿಯರಿಂಗ್ ವಿದ್ಯಾರ್ಥಿಗೆ ಪದವಿ ಕೈಗೆ ಬರಬೇಕಾದರೆ ನೂರು ಆಕ್ಟಿವಿಟಿ ಪಾಯಿಂಟ್ ಬೇಕು. ಬೆಳಗಾವಿಯ ವಿಟಿಯುನಲ್ಲಿ ಹೀಗೆ; ತಿರುವನಂತಪುರದ ಅಬ್ದುಲ್ ಕಲಾಂ ತಾಂತ್ರಿಕ ವಿಶ್ವವಿದ್ಯಾಲಯದಲ್ಲೂ ಆಕ್ಟಿವಿಟಿ ಪಾಯಿಂಟ್ ಕಡ್ಡಾಯ. ಗಾಂಧಿ ಶತಮಾನೋತ್ಸವದ ವರ್ಷ, 1969ರಲ್ಲಿ, ಹುಟ್ಟಿದ ಎನ್‌ಎಸ್‌ಎಸ್‌ನ ಲೆಕ್ಕ ಎರಡು ವರ್ಷಕ್ಕೆ 240 ಗಂಟೆ, ಮೇಲೆ ಏಳು ದಿನಗಳ ಶಿಬಿರ. ಉದ್ದೇಶಗಳು ಬೇರೆ ಬೇರೆಯಾದರೂ ಎಲ್ಲದಕ್ಕೂ ಅಳತೆಗೋಲು ಒಂದೇ: ವಿದ್ಯಾರ್ಥಿ ಎಷ್ಟು ಹೊತ್ತು ಕೊಟ್ಟ ಎಂಬುದು. ಲಾಗ್‌ಬುಕ್ ತುಂಬುತ್ತದೆ, ಬ್ಯಾನರ್ ಹಿಡಿದ ಫೋಟೊ ಅಂಟಿಸಲಾಗುತ್ತದೆ, ಮೇಷ್ಟ್ರ ಸಹಿ ಬೀಳುತ್ತದೆ. ಆ ಊರಿಗೆ ಏನಾಯಿತು ಎಂಬುದು ಮಾತ್ರ ಅಂಕಕ್ಕೆ ಬರುವುದಿಲ್ಲ. ಈ ಅಳತೆಯೇ ತಪ್ಪು ಎನ್ನಲು ನನಗೆ ಸಿಗುವ ಗಟ್ಟಿ ಪುರಾವೆ ಪಕ್ಕದ ಕೇರಳದ್ದು.

ಕೊಚ್ಚಿ ಇರುವ ಎರ್ನಾಕುಲಂ ಜಿಲ್ಲೆಯಲ್ಲಿ 1989ರಲ್ಲಿ ಜಿಲ್ಲಾಡಳಿತವೂ ಜನವಿಜ್ಞಾನ ಸಂಘಟನೆಯಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತೂ ಸೇರಿ ಸಾಕ್ಷರತಾ ಆಂದೋಲನ ಕೈಗೆತ್ತಿಕೊಂಡವು. ಮೊದಲು ನಡೆದದ್ದು ಮನೆ ಮನೆ ಸಮೀಕ್ಷೆ. ಅಕ್ಷರ ಬಾರದವರು ಯಾರು, ಯಾವ ಮನೆಯವರು ಎಂಬ ಪಟ್ಟಿ ಕೈಗೆ ಬಂದ ಮೇಲೆಯೇ ಪಾಠ. ಸುಮಾರು 20,000 ಸ್ವಯಂಸೇವಕರು ಸಣ್ಣ ಸಣ್ಣ ಗುಂಪುಗಳನ್ನು ಹಂಚಿಕೊಂಡು ಕಲಿಸಿದರು. ಶುರುವಾದ ಮೇಲೆ ಗೊತ್ತಾದ ಸಂಗತಿ, ವಯಸ್ಸಾದ ಎಷ್ಟೋ ಮಂದಿಗೆ ಪುಸ್ತಕದ ಅಕ್ಷರವೇ ಕಣ್ಣಿಗೆ ಕಾಣುತ್ತಿಲ್ಲ ಎಂಬುದು. ಸಂಘಟಕರು ಜನರಿಂದ ಹಳೆಯ ಕನ್ನಡಕಗಳನ್ನು ಕೂಡಿಹಾಕಿ, ಯಾರ ಕಣ್ಣಿಗೆ ಯಾವುದು ಹೊಂದುತ್ತದೆ ಎಂದು ನೋಡುವುದಕ್ಕೆ ಕಾರ್ಯಕರ್ತರನ್ನು ತಯಾರು ಮಾಡಿ ಹಂಚಿದರು. ಯಾವ ಪಠ್ಯಸಮಿತಿ ಕೂತಿದ್ದರೂ ಮುಂಗಡವಾಗಿ ಕನ್ನಡಕದ ಬಗ್ಗೆ ಯೋಚಿಸುತ್ತಿರಲಿಲ್ಲ. ಕೆಲಸ ಮುಗಿಯಿತೆಂದು ಹೇಳುವ ಅಧಿಕಾರವೂ ಕಲಿಸಿದವರ ಕೈಯಲ್ಲಿರಲಿಲ್ಲ: ಕಲಿತವರು ನಿಮಿಷಕ್ಕೆ 30 ಪದ ಓದಬೇಕು, 7 ಪದ ನೋಡಿ ಬರೆಯಬೇಕು ಎಂಬಂಥ ಪರೀಕ್ಷೆಯಿತ್ತು. 1990ರ ಫೆಬ್ರುವರಿ 4ರಂದು ಎರ್ನಾಕುಲಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಎಂದು ಘೋಷಣೆಯಾಯಿತು. ಅದಕ್ಕೂ ಮೊದಲೇ, 1989ರ ಜೂನ್‌ನಲ್ಲಿ, ಮಹಾತ್ಮ ಗಾಂಧಿ ವಿಶ್ವವಿದ್ಯಾಲಯದ ಎನ್‌ಎಸ್‌ಎಸ್ ವಿದ್ಯಾರ್ಥಿಗಳ ದುಡಿಮೆಯಿಂದ ಕೋಟ್ಟಯಂ ಪಟ್ಟಣ ಸಂಪೂರ್ಣ ಸಾಕ್ಷರ ಎನಿಸಿಕೊಂಡಿತ್ತು. ಎರ್ನಾಕುಲಂ ದಾರಿಯನ್ನೇ ಹಿಡಿದು ನಮ್ಮ ದಕ್ಷಿಣ ಕನ್ನಡ, ಬಿಜಾಪುರ ಜಿಲ್ಲೆಗಳಲ್ಲೂ ಆಂದೋಲನ ನಡೆದದ್ದು ಹಿರಿಯ ಓದುಗರಿಗೆ ನೆನಪಿರಬಹುದು.

ಅದೇ ಬಗೆಯ ಕೆಲಸ ಮೂರು ದಶಕದ ಮೇಲೆ ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಎಂಬ ಗ್ರಾಮ ಪಂಚಾಯಿತಿಯಲ್ಲಿ ಮತ್ತೆ ಕಾಣಿಸಿಕೊಂಡಿತು. ಈ ಸಲ ಅಕ್ಷರದ ಜಾಗದಲ್ಲಿ ಮೊಬೈಲ್ ಫೋನು. ಪಿಂಚಣಿ, ರೇಷನ್, ಆಸ್ಪತ್ರೆಯ ಚೀಟಿ ಎಲ್ಲವೂ ಪರದೆಯೊಳಕ್ಕೆ ಹೋದಾಗ ಅದನ್ನು ಒತ್ತಲು ಬಾರದವರು ಪಂಚಾಯಿತಿ ಬಾಗಿಲಲ್ಲಿ ಬೇರೆಯವರ ಕೈ ಕಾಯಬೇಕಾಗುತ್ತದೆ. 2021ರಲ್ಲಿ ಶುರುವಾದ ಈ ಕೆಲಸದಲ್ಲಿ ಸ್ವಯಂಸೇವಕರು ಕಲಿಯುವವರು ಎಲ್ಲಿ ಸಿಗುತ್ತಾರೋ ಅಲ್ಲಿಗೇ ಹೋದರು: ಮನೆಗೆ, ಉದ್ಯೋಗ ಖಾತ್ರಿ ಕೆಲಸದ ಜಾಗಕ್ಕೆ, ಕುಟುಂಬಶ್ರೀ ಮಹಿಳಾ ಸಂಘಗಳ ಸಭೆಗೆ. ಕರೆ ಮಾಡುವುದು, ವಾಟ್ಸ್‌ಆ್ಯಪ್ ಸಂದೇಶ ಕಳಿಸುವುದು, ಸರ್ಕಾರಿ ಸೇವೆಯ ಪುಟ ತೆರೆಯುವುದು, ಇಷ್ಟನ್ನು ಕಲಿಸಿ, ಕಲಿತರೇ ಎಂದು ನೋಡಿದರು. 2022ರಲ್ಲಿ ಪುಲ್ಲಂಪಾರ ಗುರಿ ಮುಟ್ಟಿತು. ರಾಜ್ಯ ಸರ್ಕಾರ ಅದನ್ನೇ ‘ಡಿಜಿ ಕೇರಳಂ’ ಎಂದು ಹಿಗ್ಗಿಸಿತು. ಸಮೀಕ್ಷೆಯಲ್ಲಿ ಸಿಕ್ಕ 21.88 ಲಕ್ಷ ಮಂದಿಯಲ್ಲಿ 21.87 ಲಕ್ಷ ಮಂದಿ ಕಲಿತು ಪರೀಕ್ಷೆ ದಾಟಿದ್ದಾರೆಂದು 2025ರ ಆಗಸ್ಟ್‌ನಲ್ಲಿ ಘೋಷಣೆಯಾಯಿತು. ಇಷ್ಟು ಅಚ್ಚುಕಟ್ಟಾದ ಸರ್ಕಾರಿ ಅಂಕಿ ಕಂಡರೆ ಹುಬ್ಬೇರಿಸುವುದು ಪತ್ರಿಕೆ ಓದುವವರ ಹಕ್ಕು, ಅದನ್ನು ಬಿಟ್ಟುಕೊಡಬೇಕಿಲ್ಲ. ಆದರೆ ಅಂಕಿ ಯಾವುದರದ್ದು ಎಂಬುದನ್ನು ಗಮನಿಸಿ. ಎಷ್ಟು ಮಂದಿ ಕಲಿತರು ಎಂಬ ಲೆಕ್ಕ ತಪ್ಪಾಗಿದ್ದರೆ ಮನೆ ಬಾಗಿಲು ತಟ್ಟಿ ಪರೀಕ್ಷಿಸಬಹುದು. ಎಷ್ಟು ಗಂಟೆ ಸೇವೆಯಾಯಿತು ಎಂಬುದನ್ನು ಯಾವ ಬಾಗಿಲು ತಟ್ಟಿ ಕೇಳುವುದು?

ಕೇರಳದ ಎನ್‌ಎಸ್‌ಎಸ್ ತಾಂತ್ರಿಕ ಘಟಕದ ‘ಪುನರ್ಜನಿ’ ಶಿಬಿರಗಳಲ್ಲೂ ಇದೇ ಗುಣವಿದೆ. ಎಂಜಿನಿಯರಿಂಗ್, ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಸರ್ಕಾರಿ ಆಸ್ಪತ್ರೆಗೆ ಹೋಗಿ, ಮೂಲೆಯಲ್ಲಿ ರಾಶಿ ಬಿದ್ದ ಮುರುಕು ಮಂಚ, ಗಾಲಿಕುರ್ಚಿ, ಕೆಟ್ಟ ಉಪಕರಣಗಳನ್ನು ಹೊರಗೆಳೆದು, ಕಾಲು ಬೆಸುಗೆ ಹಾಕಿ, ತುಕ್ಕು ಉಜ್ಜಿ, ಬಣ್ಣ ಬಳಿದು ವಾರ್ಡಿಗೆ ಮರಳಿಸುತ್ತಾರೆ. ವರ್ಕ್‌ಶಾಪಿನಲ್ಲಿ ಕಲಿತ ವೆಲ್ಡಿಂಗ್ ಇಲ್ಲಿ ಮನುಷ್ಯನ ತೂಕ ಹೊರಬೇಕು. ಬೆಸುಗೆ ಸರಿಯಿಲ್ಲದಿದ್ದರೆ ಮಂಚವೇ ಹೇಳುತ್ತದೆ, ಬೇರೆ ಪರೀಕ್ಷಕ ಬೇಕಿಲ್ಲ. ಇದರ ಪಕ್ಕದಲ್ಲಿ ವಿಟಿಯುನ ‘ಸೋಶಿಯಲ್ ಕನೆಕ್ಟ್ ಅಂಡ್ ರೆಸ್ಪಾನ್ಸಿಬಿಲಿಟಿ’ ಕೋರ್ಸನ್ನು ಇಟ್ಟು ನೋಡಬೇಕು. ಗಿಡ ನೆಡುವುದು, ಪಾರಂಪರಿಕ ತಾಣಗಳ ನಡಿಗೆ, ಸಾವಯವ ಕೃಷಿ ಮತ್ತು ಕಸ ನಿರ್ವಹಣೆ, ಜಲ ಸಂರಕ್ಷಣೆ, ಸ್ಥಳೀಯ ಅಡುಗೆಗಳ ‘ಫುಡ್ ವಾಕ್’. ಒಂದೊಂದೂ ಒಳ್ಳೆಯದೇ, ಹೋಳಿಗೆಯ ಇತಿಹಾಸ ತಿಳಿದರೆ ನಷ್ಟವಿಲ್ಲ. ತೊಂದರೆ ಏನೆಂದರೆ ಪಟ್ಟಿ ಹುಟ್ಟಿದ್ದು ಬೆಳಗಾವಿಯಲ್ಲಿ. ಬೀದರಿಗೂ ಪುತ್ತೂರಿಗೂ ಅದೇ ಪಟ್ಟಿ. ಊರು ಕೇಳಿದ್ದನ್ನು ಕಾಲೇಜು ಮಾಡುತ್ತಿಲ್ಲ, ಕಾಲೇಜಿಗೆ ಬೇಕಾದ್ದಕ್ಕೆ ಊರು ಜಾಗ ಕೊಡುತ್ತಿದೆ.

ಇದಕ್ಕೆ ಬರುವ ಮೊದಲ ಆಕ್ಷೇಪ, ಕಡ್ಡಾಯ ಮಾಡಿದರೆ ಅದು ಸೇವೆಯೇ ಅಲ್ಲ ಎಂಬುದು. ಮಾತು ನಿಜ, ಆದರೆ ಪೂರ್ತಿ ಅಲ್ಲ. ಒಲವಿಲ್ಲದೆ ಮಾಡಿದರೂ ಬೆಸುಗೆ ಗಟ್ಟಿಯಾಗಿದ್ದರೆ ರೋಗಿಗೆ ಸಾಕು; ಹುಡುಗನ ಅಂತರಂಗ ಪರೀಕ್ಷಿಸುವುದು ವಿಶ್ವವಿದ್ಯಾಲಯದ ಕೆಲಸವಲ್ಲ. ಒತ್ತಾಯ ಕೆಡಿಸುವುದು ಗಂಟೆ ಎಣಿಸುವ ಪದ್ಧತಿಯನ್ನು, ಏಕೆಂದರೆ ಅಲ್ಲಿ ಹೊತ್ತು ಕಳೆದರೂ ಅಂಕ ಸಿಗುತ್ತದೆ. ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು: ಸರ್ಕಾರ ಸಂಬಳ ಕೊಟ್ಟು ಮಾಡಿಸಬೇಕಾದದ್ದನ್ನು ವಿದ್ಯಾರ್ಥಿಗಳಿಂದ ಬಿಟ್ಟಿ ಮಾಡಿಸಿಕೊಳ್ಳುತ್ತದೆ. ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿಗೆ 2023ರ ಮಾರ್ಚ್‌ನಲ್ಲಿ ಬಿದ್ದ ಬೆಂಕಿ ಹತ್ತಕ್ಕೂ ಹೆಚ್ಚು ದಿನ ಹೊಗೆಯಾಡಿತು. ಹಸಿರು ನ್ಯಾಯಮಂಡಳಿ ಪಾಲಿಕೆಗೆ 100 ಕೋಟಿ ರೂಪಾಯಿ ದಂಡ ಹಾಕಿತು. ತಿರುವನಂತಪುರದ ಆಮಯಿಳಂಜಾನ್ ತೋಡು ಎಂಬ ಕಾಲುವೆಯಲ್ಲಿ 2024ರ ಜುಲೈಯಲ್ಲಿ ಕಸ ತೆಗೆಯಲು ಇಳಿದ ಕಾರ್ಮಿಕರೊಬ್ಬರು ಕೊಚ್ಚಿಹೋಗಿ ಪ್ರಾಣ ಕಳೆದುಕೊಂಡರು. ಇಂಥ ಕಡೆ ಪೊರಕೆ ಹಿಡಿದ ವಿದ್ಯಾರ್ಥಿಗಳ ಶ್ರಮದಾನ ಪಾಲಿಕೆಗೆ ತೆರೆ ಮರೆ ಒದಗಿಸುತ್ತದೆ, ಅಷ್ಟೆ. ವಿದ್ಯಾರ್ಥಿಗಳು ಮಾಡಬಹುದಾದದ್ದು ಬೇರೆ ಇದೆ: ಯಾವ ವಾರ್ಡಿನಿಂದ ಯಾವ ಕಸ ಕಾಲುವೆಗೆ ಬೀಳುತ್ತದೆ ಎಂದು ಅಳೆದು, ನಕ್ಷೆ ಬರೆದು ವಾರ್ಡ್ ಸಭೆಯ ಮುಂದಿಡುವುದು. ಅದು ಪಾಲಿಕೆಗೆ ಅಷ್ಟು ಹಿತವಾಗಲಾರದು, ಆದ್ದರಿಂದಲೇ ಪಠ್ಯದಲ್ಲಿ ಅದಕ್ಕೆ ರಕ್ಷಣೆ ಬೇಕು.

ಅರೆಬರೆ ತಿಳಿದ ಹುಡುಗರು ಕಷ್ಟದಲ್ಲಿರುವವರ ಮನೆಗೆ ನುಗ್ಗಿದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚು ಎಂಬ ಅಂಜಿಕೆಯೂ ಇದೆ. ಕೇರಳದ ಉಪಶಾಮಕ ಆರೈಕೆ (ಪ್ಯಾಲಿಯೇಟಿವ್ ಕೇರ್) ಇದಕ್ಕೆ ಉತ್ತರ ಕಂಡುಕೊಂಡಿದೆ. 2003ರಲ್ಲಿ ತಿರುವನಂತಪುರದಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಕಟ್ಟಿದ ‘ಪ್ಯಾಲಿಯಂ ಇಂಡಿಯಾ’ ಸ್ವಯಂಸೇವಕರನ್ನು ಬಳಸುತ್ತದೆ, ಆದರೆ ತರಬೇತಿ ಕೊಟ್ಟು. ಔಷಧಿಯ ಮಾತು ವೈದ್ಯರದು, ಗಾಯದ ಆರೈಕೆ ನರ್ಸುಗಳದು. ರೋಗಿಯ ಮಾತಿಗೆ ಕಿವಿಯಾಗುವುದು, ಮನೆಯವರ ಸಣ್ಣಪುಟ್ಟ ಓಡಾಟ ಹಂಚಿಕೊಳ್ಳುವುದು ಸ್ವಯಂಸೇವಕರ ಪಾಲು. ಯಾರು ಏನನ್ನು ಮುಟ್ಟಬಾರದು ಎಂಬುದು ಮೊದಲೇ ತೀರ್ಮಾನವಾಗಿದ್ದರೆ ಹತ್ತೊಂಬತ್ತರ ಹುಡುಗಿಯೂ ನಿಜವಾದ ಕೆಲಸಕ್ಕೆ ಬರುತ್ತಾಳೆ. ಸೆಮಿಸ್ಟರ್ ಮುಗಿದ ಕೂಡಲೇ ಬಿಟ್ಟುಬರುವ ಪದ್ಧತಿ ಮಾತ್ರ ಇಲ್ಲಿ ನಡೆಯದು. ಸಾಕ್ಷರತೆಯಲ್ಲೂ ಕಲಿತ ಅಕ್ಷರ ಮರೆತುಹೋಗುವ ಸಮಸ್ಯೆ ಎದುರಾಯಿತು, ಮುಂದುವರಿಕೆ ಶಿಕ್ಷಣಕ್ಕೆ ಕೇರಳ ಪ್ರತ್ಯೇಕ ವ್ಯವಸ್ಥೆಯನ್ನೇ ಕಟ್ಟಬೇಕಾಯಿತು. ಈ ವರ್ಷದ ತಂಡ ಮುಂದಿನ ವರ್ಷದ ತಂಡಕ್ಕೆ ಕಡತ, ಮನೆಗಳ ಪಟ್ಟಿ, ಬಾಕಿ ಕೆಲಸ ಒಪ್ಪಿಸುವುದಕ್ಕೂ ಅಂಕ ಇರಬೇಕು.

ಕೇರಳಕ್ಕೆ ಸಾಧ್ಯ, ನಮಗೆಲ್ಲಿ ಎನ್ನುವವರಿದ್ದಾರೆ. 1996ರ ಜನಕೀಯ ಯೋಜನೆಯಿಂದ ರಾಜ್ಯದ ಯೋಜನಾ ಹಣದ ಮೂರನೇ ಒಂದಕ್ಕೂ ಮಿಕ್ಕ ಪಾಲು ಸ್ಥಳೀಯ ಸಂಸ್ಥೆಗಳಿಗೆ ಹೋಗತೊಡಗಿತು, ಅಲ್ಲಿನ ಪಂಚಾಯಿತಿಗೆ ಕೇಳುವ ಬಲವಿದೆ ಎಂಬುದು ಸರಿಯೇ. ಆದರೆ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಕಾಲದಲ್ಲಿ, ಕೇರಳಕ್ಕಿಂತ ಎಷ್ಟೋ ಮೊದಲೇ, ಪಂಚಾಯಿತಿಗೆ ಅಧಿಕಾರ ಕೊಡಲು ಹೊರಟ ರಾಜ್ಯ ನಮ್ಮದು. ಗ್ರಾಮಸಭೆ ಇಲ್ಲಿಯೂ ಇದೆ, ಪಿಡಿಒ ಇದ್ದಾರೆ, ಸುತ್ತ ಹತ್ತಾರು ಕಾಲೇಜುಗಳಿವೆ. ಜೂನ್‌ನಲ್ಲಿ ಕಾಲೇಜು ತೆರೆಯುವ ಮುನ್ನ ಗ್ರಾಮಸಭೆಯೋ ವಾರ್ಡ್ ಸಮಿತಿಯೋ ತನಗೆ ಬೇಕಾದ ಮೂರು ಕೆಲಸ ಬರೆದುಕೊಡಲಿ, ಯಾವುದನ್ನು ಹೇಗೆ ಮಾಡುವುದೆಂದು ಕಾಲೇಜು ಒಪ್ಪಿಕೊಳ್ಳಲಿ. ವರ್ಷದ ಕೊನೆಯಲ್ಲಿ ಆ ಎರಡು ಕ್ರೆಡಿಟ್‌ಗಳ ಪೈಕಿ ಕೆಲಸದ ಕ್ರೆಡಿಟ್‌ನ ಅರ್ಧ ಅಂಕವನ್ನು ಅದೇ ಸಭೆ ಕೊಡಲಿ. ಹಾಜರಿ ಪುಸ್ತಕಕ್ಕೆ ಸಹಿ ಹಾಕುವ ಮೇಷ್ಟ್ರ ಕೈಯಲ್ಲಿ ಉಳಿದರ್ಧ ಸಾಕು.