ಉಣಿಸುವ ಮುನ್ನ ಉಣ್ಣುವ ಜೀವವನ್ನರಿಯಿರಿ

ಅನ್ನವಿಕ್ಕುವವರು ಉಣ್ಣುವ ಜೀವದ ಸ್ವಭಾವವನ್ನು ಅರಿತಿರಬೇಕೆಂಬುದು ನಮ್ಮ ಮತ. ಅಮೆರಿಕದ ಮನೆಗಳಲ್ಲಿ ಸಾಕುವ ಕಾರ್ನ್ ಸ್ನೇಕ್ ಎಂಬ ವಿಷರಹಿತ ಹಾವು ಇದಕ್ಕೆ ನಿದರ್ಶನ. ಅದರ ಆಹಾರ ಇಲಿಯೇ ಹೊರತು ಹಾಲಲ್ಲ.

ಮರಿಗಳನ್ನು ಬಯಸುವವರು ಚಳಿಗಾಲದಲ್ಲಿ ಅದನ್ನು ಎರಡು ಮೂರು ತಿಂಗಳು ತಂಪಿನಲ್ಲಿ ಇರಿಸುವುದುಂಟು. ಹೊರಗಿನ ಶಾಖವಿಲ್ಲದೆ ಹಾವಿಗೆ ಉಂಡದ್ದು ಅರಗದು. ಹೊಟ್ಟೆಯಲ್ಲೇ ಕೊಳೆತು ಪ್ರಾಣಕ್ಕೆ ಮುಳುವಾದೀತು. ಆದುದರಿಂದ ತಂಪಿಗಿಡುವ ಮುನ್ನ ಎರಡು ವಾರ ಉಣಿಸದೆ, ನೀರು ಮಾತ್ರ ಕೊಟ್ಟು ಬೆಚ್ಚಗಿರಿಸಬೇಕು.

ಮತ್ತೆ ಬೆಚ್ಚಗಾದ ಮೇಲೆ ಮೊದಲು ಸಣ್ಣ ಇಲಿ, ಕ್ರಮೇಣ ಹಾವಿನ ಮೈಗಾತ್ರಕ್ಕೆ ತಕ್ಕ ಇಲಿ. ಜೀವಂತ ಇಲಿ ಹಾವನ್ನೇ ಕಚ್ಚೀತು. ಹೆಪ್ಪುಗಟ್ಟಿಸಿಟ್ಟ ಸತ್ತ ಇಲಿಯನ್ನು ಪೂರ್ತಿ ಕರಗಿಸಿ ಕೊಡುವುದೇ ಕ್ಷೇಮ. ಗಂಡು ಹೆಣ್ಣುಗಳಿಗೆ ಬೇರೆ ಬೇರೆಯಾಗಿ ಉಣಿಸಬೇಕು. ಸೊರಗಿದ ಹೆಣ್ಣನ್ನು ಜೋಡಿಗೆ ಬಿಡಬಾರದು. ಮೊಟ್ಟೆಗಳು ತಾಯಿಯ ಮೈಸಾರವನ್ನೇ ಹೀರುತ್ತವೆ. ಅತಿಯಾಗಿ ಕೊಬ್ಬಿದರೆ ಮೊಟ್ಟೆ ಒಳಗೇ ಸಿಲುಕೀತು.

ನಮ್ಮ ನೆಲದ ನಾಗರವನ್ನೋ ಹೆಬ್ಬಾವನ್ನೋ ಹಿಡಿದು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಹೊರನಾಡಿನಲ್ಲಿ ಸಾಕುವ ನಮ್ಮ ಮಕ್ಕಳಾದರೂ ಇದನ್ನು ನೆನಪಿಡಲಿ: ಮೂಕಜೀವದ ಹಸಿವನ್ನೂ ಅಜೀರ್ಣವನ್ನೂ ಸಾಕಿದವರೇ ತಿಳಿಯಬೇಕು.