‘ಚಿಪ್ ಹೋಗೈತೆ’ ಅನ್ನೋ ಮೊದಲು ನಿಮ್ಮ ಪ್ರೋಗ್ರಾಮರ್ ತೋರಿಸಿ

ಭಾಗ 1/6

ಮೊದಲನೇ ಫೋಟೋದಲ್ಲಿರೋ ಈ ಕಪ್ಪು ಬೋರ್ಡ್ ಗುರುತಾಯ್ತಾ? ಸಿಎಚ್341ಎ. ಕನ್ಸೋಲ್, ಲ್ಯಾಪ್‌ಟಾಪ್, ಟಿವಿ ರಿಪೇರಿ ಮಾಡೋ ಯಾವ ಅಂಗಡಿಗೆ ಹೋದ್ರೂ ಟೇಬಲ್ ಮೇಲೆ ಒಂದು ಬಿದ್ದಿರುತ್ತೆ. ಯುಎಸ್‌ಬಿಗೆ ಚುಚ್ಚಿ, ಕ್ಲಿಪ್ ಕಚ್ಚಿಸಿದ್ರೆ ಮೆಮೊರಿ ಚಿಪ್ ಓದುತ್ತೆ, ಅಳಿಸುತ್ತೆ, ಬರೆಯುತ್ತೆ. ಪಿಎಸ್4 ಮಾಡ್ ಮಾಡೋರಿಗೆ, ಹಳೇ ಫರ್ಮ್‌ವೇರ್‌ಗೆ ಇಳಿಸೋರಿಗೆ, ಸತ್ತ ಕನ್ಸೋಲ್ ಎಬ್ಬಿಸೋರಿಗೆ ಕಣ್ಣೂ ಇದೇ, ಕೈಯೂ ಇದೇ.

ಇದರ ಮೇಲೆ ನನಗೆ ಸಿಟ್ಟಿಲ್ಲ. ಅಗ್ಗದ ಸಾಮಾನು, ಅಗ್ಗದ ಬುದ್ಧಿ ಇರುತ್ತೆ, ಬಿಡಿ. ಸಿಟ್ಟು ಇರೋದು ಇದನ್ನ ಒಂದೇ ಒಂದು ಸಲ ಪರೀಕ್ಷೆ ಮಾಡದೆ, ಇದು ತೋರಿಸಿದ್ದೇ ವೇದವಾಕ್ಯ ಅಂತ ನಂಬಿ, ಗಿರಾಕಿ ಮುಖಕ್ಕೆ ‘ಚಿಪ್ ಹೋಗೈತೆ ಕಣಪ್ಪಾ, ಬೋರ್ಡೇ ಹೋಗೈತೆ’ ಅನ್ನೋರ ಮೇಲೆ.

ಪಾವಗಡದ ಕಡೆ ಜನಕ್ಕೆ ಒಂದು ವಿಷಯ ಹೇಳಿಕೊಡಬೇಕಾಗಿಲ್ಲ. ಬೋರ್‌ವೆಲ್‌ನಲ್ಲಿ ನೀರು ಬರಲಿಲ್ಲ ಅಂದ್ರೆ ಮೊದಲು ಏನು ನೋಡ್ತೀವಿ? ಕರೆಂಟ್ ಮೂರು ಫೇಸೂ ಇದೆಯಾ, ಫ್ಯೂಸ್ ಹಾರಿದೆಯಾ, ಸ್ಟಾರ್ಟರ್ ಹಿಡೀತಿದೆಯಾ, ಕೇಬಲ್ ಎಲ್ಲಾದ್ರೂ ಸುಟ್ಟಿದೆಯಾ. ಇದೆಲ್ಲ ಆದ ಮೇಲೇ ಮೋಟಾರ್ ಎತ್ತಿಸೋ ಮಾತು. ಯಾಕಂದ್ರೆ ಎತ್ತಿಸೋಕೆ ಎಷ್ಟು ದುಡ್ಡು ಬೀಳುತ್ತೆ, ಎತ್ತುವಾಗ ಪೈಪ್ ಜಾರಿದ್ರೆ ಏನಾಗುತ್ತೆ ಅಂತ ನಮಗೆ ಗೊತ್ತು. ಸ್ಟಾರ್ಟರ್ ಪೆಟ್ಟಿಗೆ ಬಾಗಿಲೂ ತೆಗೀದೆ ‘ಬೋರ್ ಬತ್ತೋಗಿದೆ’ ಅನ್ನೋ ಮೆಕ್ಯಾನಿಕ್‌ನ ಹೊಲದ ಬದು ದಾಟಿಸ್ತೀವಿ. ಕನ್ಸೋಲ್ ವಿಷಯದಲ್ಲಿ ಮಾತ್ರ ಅದೇ ಮಾತಿಗೆ ತಲೆ ಆಡಿಸಿ ದುಡ್ಡು ಕೊಟ್ಟು ಬರ್ತೀವಲ್ಲ, ಯಾಕೆ?

👉 ಮುಂದಿನದು ವೋಲ್ಟೇಜ್. ಎಲ್ಲಕ್ಕಿಂತ ದೊಡ್ಡ ಮೋಸ ಅಲ್ಲೇ ಇರೋದು.

ಭಾಗ 2/6

ಎರಡನೇ ಫೋಟೋ: ಅದೇ ಬೋರ್ಡ್, ಪಕ್ಕದಲ್ಲಿ ಮಲ್ಟಿಮೀಟರ್.

ಮಾರೋರು ‘3.3 ವೋಲ್ಟ್ ಪ್ರೋಗ್ರಾಮರ್’ ಅಂತ ಮಾರ್ತಾರೆ. ಅರ್ಧ ನಿಜ. ಬೋರ್ಡ್ ಮೇಲೆ ಎಎಂಎಸ್1117 ಅನ್ನೋ ಪುಟ್ಟ ರೆಗ್ಯುಲೇಟರ್ ಇದೆ, ಅದು ಯುಎಸ್‌ಬಿಯ 5 ವೋಲ್ಟನ್ನ 3.3 ಮಾಡಿ ಮೆಮೊರಿ ಚಿಪ್‌ನ ಪವರ್ ಕಾಲಿಗೆ ಕೊಡುತ್ತೆ. ಆದ್ರೆ ಮಾತಾಡೋ ಮುಖ್ಯ ಐಸಿ, ಅಂದ್ರೆ ಸಿಎಚ್341ಎ, ಅದಕ್ಕೆ ಮಾತ್ರ ನೇರ 5 ವೋಲ್ಟ್. ಹಾಗಾಗಿ ಅದು ಕಳಿಸೋ ಸಿಗ್ನಲ್‌ಗಳೂ 5 ವೋಲ್ಟ್‌ನವೇ. ಅನ್ನ ಹದವಾಗಿ ಬೆಂದಿದೆ, ಸಾರು ಬಾಯಿ ಸುಡುತ್ತೆ ಅಂದ ಹಾಗೆ.

ಕನ್ಸೋಲ್‌ಗಳಲ್ಲಿ ಸಿಗೋ 25 ಸರಣಿಯ 3.3 ವೋಲ್ಟ್ ಚಿಪ್‌ಗಳಿಗೆ 2.7ರಿಂದ 3.6 ವೋಲ್ಟ್ ಸರಿಯಾದ ಮಿತಿ. ಅದರ ಡೇಟಾ ಕಾಲಿಗೆ 5 ವೋಲ್ಟ್ ಹೊಡೆದ್ರೆ ಕೆಲವು ತಡ್ಕೋತಾವೆ, ಕೆಲವು ತಪ್ಪು ತಪ್ಪಾಗಿ ಉತ್ತರ ಕೊಡ್ತಾವೆ, ಕೆಲವು ಸಾಯ್ತಾವೆ. ಚಿಪ್ ಬಿಚ್ಚದೆ ಬೋರ್ಡ್ ಮೇಲೇ ಕ್ಲಿಪ್ ಹಾಕಿದ್ರಂತೂ ಆ 5 ವೋಲ್ಟ್ ಚಿಪ್‌ಗೇ ನಿಲ್ಲಲ್ಲ. ಅದೇ ತಂತಿಗಳ ಇನ್ನೊಂದು ತುದಿಯಲ್ಲಿ ಸೌತ್‌ಬ್ರಿಡ್ಜ್ ಕೂತಿದೆ. ಆಮೇಲೆ ‘ಸೌತ್‌ಬ್ರಿಡ್ಜ್ ವೀಕ್ ಆಗೈತೆ’ ಅಂತ ಇನ್ನೊಂದು ಬಿಲ್. ವೀಕ್ ಮಾಡಿದ್ದು ಯಾರು?

ಪರೀಕ್ಷೆಗೆ ಐದು ನಿಮಿಷ ಸಾಕು. ಸಾಕೆಟ್‌ನಲ್ಲಿ ಚಿಪ್ ಇಲ್ಲದೆ ಯುಎಸ್‌ಬಿಗೆ ಹಾಕಿ. ಮೀಟರ್‌ನ ಕಪ್ಪು ಕಡ್ಡಿ 4ನೇ ಕಾಲಿಗೆ, ಅದು ಗ್ರೌಂಡ್. ಕೆಂಪು ಕಡ್ಡಿ 8ಕ್ಕೆ ಇಡಿ: 3.3 ಬರಬೇಕು. ಎಲ್ಲರೂ ಇಲ್ಲಿಗೆ ನಿಲ್ಲಿಸಿ ‘ಓಕೆ’ ಅಂತಾರೆ. ನಿಲ್ಲಿಸಬೇಡಿ. ಅದೇ ಕೆಂಪು ಕಡ್ಡಿಯನ್ನ 1, 5, 6ನೇ ಕಾಲಿಗೂ ಇಟ್ಟು ನೋಡಿ. ಯಾವುದಾದ್ರೂ ಒಂದು 5ರ ಹತ್ತಿರ ತೋರಿಸಿದ್ರೆ ಆ ಬೋರ್ಡನ್ನ ಕನ್ಸೋಲ್ ಹತ್ತಿರಕ್ಕೂ ತರಬೇಡಿ.

ಸರಿ ಮಾಡೋಕೂ ಬರುತ್ತೆ. ಮುಖ್ಯ ಐಸಿಯ 28ನೇ ಕಾಲನ್ನ ಹುಷಾರಾಗಿ ಮೇಲೆತ್ತಿ, 5 ವೋಲ್ಟ್‌ನಿಂದ ಬಿಡಿಸಿ, ರೆಗ್ಯುಲೇಟರ್‌ನ 3.3 ಔಟ್‌ಪುಟ್‌ಗೆ ಒಂದು ಸಣ್ಣ ತಂತಿ. 9ನೇ ಕಾಲಿಗೂ ಅಲ್ಲಿಂದಲೇ (ಫೋಟೋ 3). ಐಸಿ ಕಂಪನಿಯ ಡೇಟಾಶೀಟ್‌ನಲ್ಲೇ 3.3 ವೋಲ್ಟ್‌ನಲ್ಲಿ ಓಡಿಸೋದಾದ್ರೆ ಹೀಗೆ ಜೋಡಿಸಿ ಅಂತ ಇದೆ. ಐಸಿ ಮಾಡಿದೋರು ಹೇಳಿದ್ದಾರೆ, ಬೋರ್ಡ್ ಮಾಡಿದೋರು ಓದಿಲ್ಲ, ಮಾರೋರು ಕೇಳಿಲ್ಲ. ಈಚೆಗೆ ವೋಲ್ಟೇಜ್ ಬದಲಾಯಿಸೋ ಸ್ವಿಚ್ ಇರೋ ಹಸಿರು ಬೋರ್ಡೂ ಸಿಗುತ್ತೆ. ಅದನ್ನೂ ಅಳೆದೇ ನಂಬಿ. 1.8 ವೋಲ್ಟ್ ಚಿಪ್ ಆದ್ರೆ ಈ ಕಪ್ಪು ಬೋರ್ಡ್ ಜೊತೆ ಅಡಾಪ್ಟರ್ ಬೇಕೇ ಬೇಕು.

ತಿರುಮಣಿ, ವಳ್ಳೂರು ಕಡೆ 13,000 ಎಕರೆಯಷ್ಟು ಜಾಗದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇಟ್ಕೊಂಡಿರೋ ತಾಲ್ಲೂಕು ನಮ್ದು. ಅಲ್ಲಿ ಕೆಲಸಕ್ಕೆ ಹೋಗೋ ಹುಡುಗರು ಮೀಟರ್ ಹಿಡಿಯದೆ ಒಂದು ಕೇಬಲ್ ಮುಟ್ಟಲ್ಲ. ಅದೇ ಹುಡುಗ ಮನೆಗೆ ಬಂದು ಈ ಬೋರ್ಡನ್ನ ಹಾಗೇ ಚುಚ್ತಾನೆ. ಇದು ಸಣ್ಣದು, ಏನಾಗುತ್ತೆ ಬಿಡು ಅನ್ನೋ ಧೈರ್ಯ.

ಭಾಗ 3/6

ಚಿಕ್ಕಪುಟ್ಟವನ್ನ ಬೇಗ ಮುಗಿಸ್ತೀನಿ. ಇವಕ್ಕೂ ‘ಚಿಪ್ ಹೋಗೈತೆ’ ಅಂತಾರೆ, ಅದಕ್ಕೆ ಹೇಳಬೇಕು.

ಕಂಪ್ಯೂಟರ್‌ಗೆ ಪ್ರೋಗ್ರಾಮರ್ ಕಾಣ್ತಾನೇ ಇಲ್ವಾ? ಜಂಪರ್ ನೋಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಕೊನೆ ನಾಲ್ಕು ಅಂಕಿ 5512 ಬಂದ್ರೆ ಚಿಪ್ ಓದೋ ಮೋಡ್. 5523 ಅಂತ ಬಂದ್ರೆ ಅದು ಸೀರಿಯಲ್ ಮೋಡ್‌ನಲ್ಲಿದೆ, ಎಷ್ಟು ಹೊತ್ತು ಕಾದ್ರೂ ಓದಲ್ಲ. ಏನೂ ಬರದಿದ್ರೆ ಡ್ರೈವರ್, ಇಲ್ಲ ಸಿಪಿಯು ಮುಂದಿನ ಸಡಿಲ ಪೋರ್ಟ್. ಹಿಂದಿನ ಪೋರ್ಟ್‌ಗೆ ನೇರ ಹಾಕಿ, ಮಧ್ಯ ಹಬ್ ಬೇಡ.

ಐಡಿ ಕೇಳಿದಾಗ ‘ಎಫ್‌ಎಫ್ ಎಫ್‌ಎಫ್ ಎಫ್‌ಎಫ್’ ಅಥವಾ ‘00 00 00’ ಬಂತಾ? ಇದಕ್ಕೇ ಜನ ತೀರ್ಪು ಕೊಟ್ಬಿಡೋದು. ಹೆಚ್ಚಿನ ಸಲ ಅದರ ಅರ್ಥ ಇಷ್ಟೇ: ಆ ಕಡೆ ಯಾರೂ ಫೋನ್ ಎತ್ತಲಿಲ್ಲ. ಕ್ಲಿಪ್ ಸರಿಯಾಗಿ ಕೂತಿಲ್ಲ, ಉಲ್ಟಾ ಹಾಕಿದ್ದೀರಿ, ಕಾಲುಗಳ ಮೇಲೆ ಫ್ಲಕ್ಸ್ ಒಣಗಿ ಕೂತಿದೆ. ಪಿಎಸ್4ನಲ್ಲಿರೋ ಮ್ಯಾಕ್ರಾನಿಕ್ಸ್ ಚಿಪ್ ಆದ್ರೆ ‘ಸಿ2 20 19’ ಅಂತ ಬರಬೇಕು. ಹತ್ತು ಸಲ ಕೇಳಿದ್ರೂ ಅದೇ ಬರಬೇಕು. ಒಂದು ಸಲ ಸರಿ, ಒಂದು ಸಲ ತಪ್ಪು ಬಂದ್ರೆ ದೋಷ ಹುಡುಕಬೇಕಾದ ಜಾಗ ಕ್ಲಿಪ್ಪು, ಅದರ ತಂತಿ, ಪವರ್ರು. ಕ್ಲಿಪ್ ಹಾಕಿದಾಗ ಪುಟ್ಟ ರೆಗ್ಯುಲೇಟರ್ ಇಡೀ ಬೋರ್ಡಿಗೆ ಕರೆಂಟ್ ತುಂಬೋಕೆ ಹೋಗಿ ಸುಸ್ತಾಗುತ್ತೆ. ಕ್ಲಿಪ್ ಹಾಕಿರುವಾಗಲೇ ಇನ್ನೊಂದು ಸಲ ಅಳೆಯಿರಿ, 2.7ಕ್ಕಿಂತ ಕೆಳಗೆ ಇಳಿದಿದ್ರೆ ಚಿಪ್ ಬಿಚ್ಚಿ ಸಾಕೆಟ್‌ನಲ್ಲಿ ಓದೋದು ಬಿಟ್ರೆ ಬೇರೆ ದಾರಿ ಇಲ್ಲ. ಮೊಳದುದ್ದದ ತಂತಿ ಹಾಕ್ಕೊಂಡು ಓದಿಸೋ ಚಪಲ ಬೇಡ.

ಎಕ್ಸ್‌ಬಾಕ್ಸ್ 360ರದು ಬೇರೆ ಕಥೆ, ಪ್ರೋಗ್ರಾಮರೂ ಬೇರೆ. ಅದರಲ್ಲಿರೋದು ನ್ಯಾಂಡ್. ನ್ಯಾಂಡ್‌ನಲ್ಲಿ ಒಂದೆರಡು ಬ್ಯಾಡ್ ಬ್ಲಾಕ್ ಫ್ಯಾಕ್ಟರಿಯಿಂದಲೇ ಬಂದಿರಬಹುದು, ಅದಕ್ಕೆ ಬದಲಿ ಜಾಗವೂ ಒಳಗೇ ಇದೆ. ‘ಬ್ಯಾಡ್ ಬ್ಲಾಕ್ ತೋರಿಸ್ತೈತೆ, ಬೋರ್ಡ್ ಬದಲಾಯಿಸಿ’ ಅಂದ್ರೆ ಅವನಿಗೆ ಗೊತ್ತಿಲ್ಲ, ಇಲ್ಲ ನಿಮಗೆ ಗೊತ್ತಿಲ್ಲ ಅಂತ ಅವನಿಗೆ ಗೊತ್ತು.

ಶನಿವಾರ ನಮ್ಮೂರಿಗೆ ಎಲ್ಲೆಲ್ಲಿಂದಲೋ ಜನ ಬಂದು ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ತಾರೆ, ನಿಮಗೂ ಗೊತ್ತು. ಕೈಲಾಗದ್ದಕ್ಕೆಲ್ಲ ಗ್ರಹಚಾರ ಅನ್ನೋ ಅಭ್ಯಾಸ ನಮಗೆ ಮೊದಲಿಂದ ಇದೆ. ಆದ್ರೆ ಇಲ್ಲಿ ಕಾಟ ಕೊಡ್ತಿರೋದು ಜಂಪರ್ರು ಸ್ವಾಮಿ.

ಭಾಗ 4/6

ಇದು ಮುಖ್ಯ. ಸೇವ್ ಮಾಡ್ಕೊಳ್ಳಿ 📌

ತಪ್ಪಾಗಿ ಓದಿದ್ರೆ ಇನ್ನೊಂದು ಸಲ ಓದಬಹುದು. ತಪ್ಪಾಗಿ ಓದಿದ್ದನ್ನೇ ‘ಬ್ಯಾಕಪ್’ ಅಂತ ಇಟ್ಕೊಂಡು, ಚಿಪ್ ಅಳಿಸಿ, ಮೇಲೆ ಬರೆದ್ರೆ? ಮುಗೀತು. ಪಿಎಸ್4ನ ಈ ಚಿಪ್ಪಿನಲ್ಲಿ ಇರೋದು 32 ಎಂಬಿ. ಒಂದು ಸಿನಿಮಾ ಹಾಡಿನ ವಿಡಿಯೋಗಿಂತ ಚಿಕ್ಕದು. ಆದ್ರೆ ಅದರೊಳಗೆ ಆ ಒಂದು ಕನ್ಸೋಲ್‌ಗೆ ಮಾತ್ರ ಸೇರಿದ ಮಾಹಿತಿ ಇರುತ್ತೆ. ಪಕ್ಕದ ಮನೆ ಪಿಎಸ್4ನ ಫೈಲ್ ತಂದು ಹಾಗೇ ಬರೆದ್ರೆ ನಡೆಯಲ್ಲ. ಪಹಣಿ ಇದ್ದ ಹಾಗೆ. ಸರ್ವೆ ನಂಬರ್ ಬೇರೆ ಆದ್ರೆ ಕಾಗದ ಎಷ್ಟು ಚೆನ್ನಾಗಿದ್ರೂ ಹೊಲ ನಿಮ್ದಾಗಲ್ಲ.

ವೈ.ಎನ್. ಹೊಸಕೋಟೆ ಕಡೆಯ ಹುಡುಗನೊಬ್ಬನ ಪಿಎಸ್4 ನನ್ನ ಟೇಬಲ್‌ಗೆ ಬಂದಿದ್ದು ಹೀಗೇ ಆದ ಮೇಲೆ. ಬೆಂಗಳೂರಿನ ಒಂದು ಅಂಗಡಿ. ಮಧುಗಿರಿ, ಕೊರಟಗೆರೆ ದಾಟ್ಕೊಂಡು ಬಸ್ಸಲ್ಲಿ ತಗೊಂಡು ಹೋಗಿದ್ದ, ತೊಡೆ ಮೇಲೆ ಇಟ್ಕೊಂಡು. ಹಳೇ ಫರ್ಮ್‌ವೇರ್‌ಗೆ ಇಳಿಸಿಕೊಡ್ತೀವಿ ಅಂದಿದ್ರು. ವಾರ ಬಿಟ್ಟು ‘ಚಿಪ್ ಮೊದಲೇ ವೀಕ್ ಇತ್ತು’ ಅಂತ ವಾಪಸ್ ಕೊಟ್ರು. ಮೂಲ ಫೈಲ್ ಎಲ್ಲಿ ಅಂತ ಫೋನ್ ಮಾಡಿ ಕೇಳಿದ್ರೆ ‘ಡಿಲೀಟ್ ಆಗಿದೆ ಅಣ್ಣ’. ಚಿಪ್ ಬಿಚ್ಚಿ ಓದಿದೆ. ಇಪ್ಪತ್ತು ಸಲ ಓದಿದ್ರೂ ಅಕ್ಷರ ಬಿಡದೆ ಒಂದೇ ಬಂತು, ಅಂದ್ರೆ ಚಿಪ್ ಗಟ್ಟಿಯಾಗೇ ಇದೆ. ಒಳಗಿರೋದು ಮಾತ್ರ ಕಸ: ಮೊದಲ ಅರ್ಧ, ಮತ್ತೆ ಅದೇ ಮೊದಲ ಅರ್ಧ.

ಇದು ಹೇಗಾಗುತ್ತೆ? ಲೆಕ್ಕ ಸರಳ. ಹಳೇ ವಿಧಾನದಲ್ಲಿ ಚಿಪ್‌ಗೆ ವಿಳಾಸ ಹೇಳೋಕೆ ಮೂರು ಬೈಟ್. ಮೂರು ಬೈಟ್‌ನಲ್ಲಿ 1,67,77,216 ಮನೆಗಳಿಗೆ ಮಾತ್ರ ನಂಬರ್ ಕೊಡಬಹುದು, ಅಂದ್ರೆ 16 ಎಂಬಿ. ಅದರಿಂದಾಚೆ ಹೋಗೋಕೆ ನಾಲ್ಕು ಬೈಟ್ ವಿಳಾಸ ಬೇಕು. ಅದು ಗೊತ್ತಿಲ್ಲದ ಸಾಫ್ಟ್‌ವೇರ್ 16 ಎಂಬಿ ಮುಗಿದ ಕೂಡಲೇ ಮತ್ತೆ ಒಂದನೇ ಮನೆ ಬಾಗಿಲಿಗೇ ಬಂದು ನಿಲ್ಲುತ್ತೆ. ಫೈಲ್ ಸೈಜ್ ನೋಡಿದ್ರೆ ಸರಿಯಾಗಿ 32 ಎಂಬಿ. ಎರಡು ಸಲ ಓದಿ ಹೋಲಿಸಿದ್ರೂ ಎರಡೂ ಒಂದೇ. ಎರಡೂ ಒಂದೇ ಸುಳ್ಳು!

ಅದಕ್ಕೇ ಹೇಳೋದು, ಎರಡು ಸಲ ಓದಿ ಹೋಲಿಸೋದು ಮೊದಲ ಮೆಟ್ಟಿಲು ಮಾತ್ರ. ಮಧ್ಯೆ ಕ್ಲಿಪ್ ಬಿಚ್ಚಿ ಮತ್ತೆ ಹಾಕಿ ಓದಿ. ಆಗಲೂ ಒಂದೇ ಬಂದ್ರೆ ಫೈಲನ್ನ ಅರ್ಧಕ್ಕೆ ಸೀಳಿ, ಎರಡು ಅರ್ಧಗಳನ್ನ ಹೋಲಿಸಿ. ಅವು ಬೇರೆ ಬೇರೆ ಇರಬೇಕು. ಆಮೇಲೆ ಫೈಲ್ ತೆರೆದು ಕಣ್ಣಾಡಿಸಿ. ಪೂರ್ತಿ ಎಫ್‌ಎಫ್, ಪೂರ್ತಿ ಸೊನ್ನೆ ಇದ್ರೆ ಅದು ಡಂಪ್ ಅಲ್ಲ. ಆಗುವ ಹಾಗಿದ್ರೆ ಇನ್ನೊಂದು ಸಾಫ್ಟ್‌ವೇರ್‌ನಲ್ಲೂ ಓದಿ. ಲಿನಕ್ಸ್‌ನಲ್ಲಿ ಫ್ಲ್ಯಾಶ್‌ರಾಮ್ ಅಂತ ಒಂದು ಉಚಿತವಾಗಿ ಸಿಗುತ್ತೆ. ಇಷ್ಟೆಲ್ಲ ಆಗೋವರೆಗೂ ‘ಎರೇಸ್’ ಬಟನ್ ಹತ್ತಿರ ಮೌಸ್ ಹೋಗಬಾರದು.

ರೀಲ್ಸ್‌ನಲ್ಲಿ ಮೂವತ್ತು ಸೆಕೆಂಡ್‌ಗೆ ‘ರೀಡ್, ಎರೇಸ್, ರೈಟ್, ಡನ್ 🔥’ ಅಂತ ಪಾಠ ಮಾಡೋ ಗುರುಗಳೇ, ‘ವೆರಿಫೈ’ ಅಂತ ಒಂದು ಬಟನ್ ಇದೆ, ಅದನ್ನ ಒತ್ತೋಕೆ ನಿಮಗೆ ಯಾಕೆ ಪುರುಸೊತ್ತಿಲ್ಲ? ಹಾಡು ಮುಗಿದುಹೋಗುತ್ತೆ ಅಂತಲಾ?

ಭಾಗ 5/6

ಹಿಂದಿನ ಭಾಗಗಳಿಗೆ ಬಂದ ಆಕ್ಷೇಪಗಳು.

‘ನಾನು ನೂರಾರು ಚಿಪ್ ಇದೇ ಕಪ್ಪು ಬೋರ್ಡ್‌ನಲ್ಲಿ ಮಾಡಿದ್ದೀನಿ, ಏನೂ ಆಗಿಲ್ಲ.’ ಇರಬಹುದು. ಬಹಳ ಚಿಪ್‌ಗಳು ತಡ್ಕೋತಾವೆ ಅಂತ ನಾನೇ ಮೇಲೆ ಬರೆದಿದ್ದೀನಿ. ಫ್ಲೋರೈಡ್ ನೀರನ್ನೂ ನಮ್ಮ ತಾಲ್ಲೂಕಿನಲ್ಲಿ ವರ್ಷಗಟ್ಟಲೆ ಏನೂ ಆಗಿಲ್ಲ ಅಂತಲೇ ಕುಡಿದ್ರು. ಆಮೇಲೆ ಹಲ್ಲು ನೋಡಿದ್ರು, ಮೂಳೆ ನೋಡಿದ್ರು. ಆ ನೂರರಲ್ಲಿ ‘ಮೊದಲೇ ವೀಕ್ ಇತ್ತು’ ಅಂತ ವಾಪಸ್ ಕಳಿಸಿದವು ಎಷ್ಟು? ಆ ಲೆಕ್ಕ ಬರೆದಿಟ್ಟಿದ್ದೀರಾ?

‘ಅಷ್ಟು ಟೆಸ್ಟ್ ಮಾಡ್ತಾ ಕೂತ್ರೆ ಕಟ್ಟುಬಡಿ ಆಗಲ್ಲ.’ ಸರಿ, ಟೆಸ್ಟ್‌ಗೂ ಚಾರ್ಜ್ ಹಾಕಿ, ಬಾಯಿಬಿಟ್ಟು ಕೇಳಿ. ಗಿರಾಕಿ ಕೊಡ್ತಾನೆ. ಮಾಡದ ಟೆಸ್ಟ್‌ನ ಹೆಸರಲ್ಲಿ ಬೋರ್ಡ್ ಬದಲಾಯಿಸಬೇಡಿ.

‘ಮಾಡಿಂಗ್ ಅಂದ್ರೇನೇ ಕಳ್ಳತನ, ಅದಕ್ಕೆ ನ್ಯಾಯ ಬೇರೆ ಕೇಳ್ತೀಯಾ?’ ಇದಕ್ಕೆ ಸ್ವಲ್ಪ ನಿಲ್ಲಬೇಕು. ಪೈರಸಿ ಗೇಮ್ ತುಂಬಿಸಿ ಮಾರೋದನ್ನ ನಾನು ಸಮರ್ಥಿಸಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಂ ಇದೆ. ಹಕ್ಕು ಉಲ್ಲಂಘಿಸೋ ಉದ್ದೇಶದಿಂದ ಬೀಗ ಒಡೆಯೋದು ಅಪರಾಧ. ಕಲಂನಲ್ಲಿ ‘ಉದ್ದೇಶ’ ಅನ್ನೋ ಮಾತು ಸುಮ್ಮನೆ ಬಂದಿಲ್ಲ. ತಾನು ಕೊಂಡ ಪೆಟ್ಟಿಗೆಯೊಳಗಿನ ಫೈಲಿನ ಒಂದು ಪ್ರತಿ ಇಟ್ಕೊಳ್ಳೋನು, ಅಪ್‌ಡೇಟ್ ಮಧ್ಯೆ ಕರೆಂಟ್ ಹೋಗಿ ಸತ್ತ ಕನ್ಸೋಲ್ ಎಬ್ಬಿಸೋನು, ಸ್ವಂತ ಪ್ರೋಗ್ರಾಂ ಬರೆದು ಓಡಿಸಿ ನೋಡೋನು, ಎಲ್ಲರನ್ನೂ ಒಂದೇ ಹಗ್ಗಕ್ಕೆ ಕಟ್ಟಬೇಡಿ. ಇನ್ನು ಕಂಪನಿಗಳ ಸಾಚಾತನ ಕೇಳ್ತೀರಾ? ಸೋನಿ ಪಿಎಸ್3 ಮಾರುವಾಗ ಲಿನಕ್ಸ್ ಹಾಕ್ಕೊಳ್ಳೋಕೆ ಅವಕಾಶ ಕೊಟ್ಟಿತ್ತು, 2010ರ ಏಪ್ರಿಲ್ 1ರಂದು 3.21 ಅಪ್‌ಡೇಟ್ ಬಿಟ್ಟು ಅದನ್ನ ಕಿತ್ಕೊಂಡಿತು. ದುಡ್ಡು ಕೊಟ್ಟು ತಗೊಂಡ ಮೇಲೂ ಪೆಟ್ಟಿಗೆ ಯಾರದು ಅನ್ನೋ ಪ್ರಶ್ನೆ ಎದ್ದಿದ್ದು ಹಾಗೆ.

ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೀತು. ಒಳ್ಳೇದೇ. ಆದ್ರೆ ರಿಪೇರಿ ಹಕ್ಕು ಅನ್ನೋದು ಕಂಪನಿ ಹತ್ತಿರ ಕೇಳೋ ಮಾತು ಅಂತ ಮಾತ್ರ ನಾವು ತಿಳ್ಕೊಂಡಿದ್ದೀವಿ. ರಿಪೇರಿ ಮಾಡೋನ ಹತ್ತಿರವೂ ಕೇಳಬೇಕಾದ್ದಿದೆ.

ಭಾಗ 6/6

ಏನು ಕೇಳಬೇಕು?

ಮಧುಗಿರಿ, ಶಿರಾ, ಹಿಂದೂಪುರ, ಬೆಂಗಳೂರು, ಎಲ್ಲೇ ಕೊಡಿ, ಕೊಡುವಾಗಲೇ ಹೇಳಿ: ‘ಅಣ್ಣ, ಮುಟ್ಟೋ ಮೊದಲು ಓದಿದ ಮೂಲ ಫೈಲ್ ನನ್ನ ಪೆನ್‌ಡ್ರೈವ್‌ಗೆ ಬೇಕು.’ ನಾಚಿಕೆ ಬೇಡ. ಬೈಕ್ ಸರ್ವೀಸ್‌ನಲ್ಲಿ ಹಳೇ ಬ್ರೇಕ್ ಶೂ ಕವರ್‌ನಲ್ಲಿ ಹಾಕಿ ಕೊಡಿ ಅಂತ ಕೇಳ್ತೀವಿ, ಇದು ಅದಕ್ಕಿಂತ ದೊಡ್ಡದು. ಒಂದೇ ಫೈಲ್ ಕೊಟ್ರೆ ಎರಡನೇದು ಎಲ್ಲಿ ಅಂತ ಕೇಳಿ. ಎರಡರ ಹ್ಯಾಶ್ ನಿಮ್ಮೆದುರೇ ನೋಡಿ; ವಿಂಡೋಸ್‌ನಲ್ಲೇ ಸರ್ಟ್‌ಯುಟಿಲ್ ಅನ್ನೋ ಕಮಾಂಡ್ ಇದೆ, ಬೇರೆ ಏನೂ ಹಾಕ್ಕೊಳ್ಳಬೇಕಾಗಿಲ್ಲ.

‘ಚಿಪ್ ಹೋಗೈತೆ’ ಅಂದ್ರಾ? ಚೆನ್ನಾಗಿರೋ ಇನ್ನೊಂದು ಚಿಪ್ಪನ್ನ ಅದೇ ಪ್ರೋಗ್ರಾಮರ್‌ನಲ್ಲಿ, ಅದೇ ಕ್ಲಿಪ್‌ನಲ್ಲಿ ಓದಿ ತೋರಿಸಿ ಅನ್ನಿ. ಅದೂ ಓದಲಿಲ್ಲ ಅಂದ್ರೆ ಚಿಪ್ ಮಾತೇ ಎತ್ತಬಾರದು. ಹೋಗಿರೋ ಚಿಪ್ಪನ್ನೂ ಬಿಚ್ಚಿ ಕವರ್‌ನಲ್ಲಿ ಹಾಕಿ ಕೊಡಿ ಅನ್ನಿ. ಸತ್ತಿದ್ರೆ ಅವರಿಗೆ ಅದರಿಂದ ಏನುಪಯೋಗ?

ಅಂಗಡಿಯವರಿಗೂ ಒಂದು ಮಾತು, ಜಗಳಕ್ಕಲ್ಲ. ಬೋರ್ಡ್ ಸರಿ ಮಾಡೋಕೆ ಒಂದು ಗೇಣು ತಂತಿ, ಹತ್ತು ನಿಮಿಷ. ಅದೂ ಬೇಡ ಅಂದ್ರೆ ರಾಸ್‌ಬೆರಿ ಪೈ ಪಿಕೋ ಬರುತ್ತೆ, ಅದರ ಕಾಲುಗಳು ಹುಟ್ಟಿನಿಂದಲೇ 3.3 ವೋಲ್ಟ್, ಫ್ಲ್ಯಾಶ್‌ರಾಮ್ ಜೊತೆ ಈ ಚಿಪ್‌ಗಳನ್ನ ಓದುತ್ತೆ, ಬೇರೆ ಫರ್ಮ್‌ವೇರ್ ಹಾಕಿದ್ರೆ ಎಕ್ಸ್‌ಬಾಕ್ಸ್ 360ರ ನ್ಯಾಂಡನ್ನೂ ಓದುತ್ತೆ. ಸರಿ ಮಾಡಿದ ಪ್ರೋಗ್ರಾಮರ್ ಮೇಲೆ ‘3.3 ಅಳೆದಿದೆ’ ಅಂತ ತಾರೀಖು ಸಮೇತ ಒಂದು ಚೀಟಿ ಅಂಟಿಸಿ. ಕೊನೇ ಫೋಟೋದಲ್ಲಿ ನನ್ನದರ ಚೀಟಿ ಇದೆ.

ಹೊಸಕೋಟೆ ಹುಡುಗನ ಪಿಎಸ್4 ಇನ್ನೂ ನನ್ನ ಹತ್ತಿರಾನೇ ಇದೆ. ಆ ಅಂಗಡಿಯವರು ಇದನ್ನ ಓದ್ತಿದ್ರೆ, ಹಳೇ ಹಾರ್ಡ್‌ಡಿಸ್ಕ್‌ನಲ್ಲಿ ಇನ್ನೊಂದು ಸಲ ಹುಡುಕಿ. 32 ಎಂಬಿ ಫೈಲ್. ಡಿಲೀಟ್ ಆಗಿದ್ರೂ ರಿಕವರಿ ಆಗಬಹುದು. ಮೆಸೇಜ್ ಮಾಡಿ, ಹೆಸರು ಹಾಕಲ್ಲ.

#ಪಾವಗಡ #ಕನ್ಸೋಲ್‌ರಿಪೇರಿ #ಸಿಎಚ್341ಎ #ಪಿಎಸ್4 #ಮೂಲಫೈಲ್‌ಕೊಡಿ